ಸಾಹೇಬರು ಉಂಡ ರೊಟ್ಟಿ

ನಮ್ಮ ಮನೆಯಲ್ಲಿ ಕಡಕ್ ರೊಟ್ಟಿ ಆರುವುದು ಹಳೆಯ ಪತ್ರಿಕೆಯ ಮೇಲೆ. ಅಕ್ಷರದ ಮಸಿ ಹೊಟ್ಟೆಗೆ ಹೋಗುತ್ತದೆ, ಬಟ್ಟೆಯ ಮೇಲೆ ಹರಡಿ ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ಇಷ್ಟು ವರ್ಷ ಕಣ್ಣಿನಿಂದ ತಲೆಗೆ ಹೋದ ಮಸಿಯೇ ಏನೂ ಮಾಡಿಲ್ಲ, ಹೊಟ್ಟೆಗೆ ಹೋದದ್ದು ಏನು ಮಾಡೀತು ಎಂಬುದು ನನ್ನ ವಾದ. ಮೊನ್ನೆ ರವಿವಾರ ಹಸಿವಾಗಿ ಒಂದು ರೊಟ್ಟಿ ಎತ್ತಿದೆ ನೋಡಿ, ಕೆಳಗೆ ಸಾಹೇಬರು ಪದ್ಮಾಸನ ಹಾಕಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಹಣೆಯ ಮೇಲೆ ಜೋಳದ ಹಿಟ್ಟು ಬಿದ್ದು ವಿಭೂತಿ ಹಚ್ಚಿದಂತೆ ಕಾಣುತ್ತಿತ್ತು. ಪಕ್ಕದಲ್ಲಿ ದಪ್ಪ ಅಕ್ಷರ: ‘ಸಾಹೇಬರ ದಿನಚರಿ: ನಸುಕಿಗೇ ಏಳುವ ಕರ್ಮಯೋಗಿ’. ನನಗೆ ನಗು ತಡೆಯಲಾಗಲಿಲ್ಲ. ಏನಾಯಿತೆಂದು ಹೆಂಡತಿ ಒಳಗಿನಿಂದ ಕೇಳಿದಳು. “ಏನಿಲ್ಲ, ಸಾಹೇಬ್ರು ಎದ್ದಾರ” ಎಂದೆ.

ಸಾಹೇಬರು ಯಾರು, ಯಾವ ಪಕ್ಷ ಎಂದು ನೀವು ಕೇಳಬಾರದು, ನಾನು ಹೇಳಬಾರದು. ನಿಮ್ಮ ಕಡೆಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಮುಖವನ್ನೇ ಇಲ್ಲಿ ಅಂಟಿಸಿಕೊಳ್ಳಿ, ಬರೋಬ್ಬರಿ ಕೂಡುತ್ತದೆ. ಆ ಪತ್ರಿಕೆ ಬಂದ ವರ್ಷ ಅವರು ರಾಮದುರ್ಗದಿಂದ ಹಿಡಿದು ಕಿತ್ತೂರಿನ ತನಕ ಹಳ್ಳಿ ಹಳ್ಳಿ ತಿರುಗಿದರು. ಅವರ ಹಿಂದೆ ಕಾರು, ಕಾರಿನ ಹಿಂದೆ ಧೂಳು, ಧೂಳಿನಲ್ಲಿ ಪತ್ರಕರ್ತರು. ಕಾಲುವೆಯ ನೀರು ಕೊನೆಯ ಹೊಲಕ್ಕೆ ಯಾಕೆ ಮುಟ್ಟುವುದಿಲ್ಲ ಎಂದು ಅವರಲ್ಲಿ ಒಬ್ಬನಾದರೂ ಕೇಳಿದನೇ? “ಸರ್, ತಾವು ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ?” ಎಂದು ಕೇಳಿದರು. ಅವರು ಹೇಳಿದರು, ಇವರು ಬರೆದುಕೊಂಡರು.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಸಾಹೇಬರು ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರು. ಮುನವಳ್ಳಿಯಲ್ಲಿ ವಾಕಿಂಗ್ ಹೋದರು, ಅದೂ ಸ್ವಂತ ಕಾಲಿನಿಂದ. ಸಂಗೊಳ್ಳಿಯ ದಾರಿಯಲ್ಲಿ ಕಾರು ನಿಲ್ಲಿಸಿ ಸೀನಿದರು, ‘ಜನಸಾಮಾನ್ಯರಂತೆ’. ಸವದತ್ತಿಯ ಹತ್ತಿರ ಯಾರದೋ ಕರುವಿನ ಬೆನ್ನು ಸವರಿದಾಗ ಕರು ಭಾವುಕವಾಯಿತೆಂದು ಟಿವಿಯ ಹುಡುಗಿ ಗದ್ಗದಿತಳಾಗಿ ಹೇಳಿದಳು. ನಾನು ಕಣ್ಣರಳಿಸಿ ನೋಡಿದೆ. ಅದು ಬಾಲ ಎತ್ತಿದ್ದಷ್ಟೇ ನನಗೆ ಕಂಡಿತು, ಮುಂದಿನದನ್ನು ಅವರು ತೋರಿಸಲಿಲ್ಲ.

ನೇಸರಗಿಯ ಹತ್ತಿರದ ನಮ್ಮ ಊರಿನಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ. ಬೆಳಿಗ್ಗೆ ಬಸ್ಸಿಗೆ ಪತ್ರಿಕೆ ಬರುತ್ತದೆ, ಅಪ್ಪ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿ ಗಟ್ಟಿಯಾಗಿ ಓದುತ್ತಾನೆ. ಸಕ್ಕರೆಗೆ ಬಂದವರು ಸುದ್ದಿಯನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಯಾರಾದರೂ ಒಂದು ಮಾತಿಗೆ ಅನುಮಾನ ತೆಗೆದರೆ ಅಪ್ಪ ಕನ್ನಡಕ ಏರಿಸಿ, “ಪೇಪರಿನ್ಯಾಗ ಬಂದೈತಿ” ಎನ್ನುತ್ತಾನೆ. ಅಲ್ಲಿಗೆ ಖಟ್ಲೆ ಮುಗಿಯಿತು. ಅದರ ಮೇಲೆ ಅಪೀಲಿಲ್ಲ.

ಅವ್ವನ ಮುಂದೆ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಸಾಹೇಬರು ನಸುಕಿಗೇ ಏಳುತ್ತಾರೆಂದು ಅಪ್ಪ ಊಟಕ್ಕೆ ಕೂತಾಗ ಹೇಳಿದ.

“ಎದ್ದು ಏನ ಮಾಡ್ತಾರಂತ?”

“ಧ್ಯಾನ.”

“ಅಂದ್ರ ಎದ್ದು ಕುಂತು ಮತ್ತ ಕಣ್ಣ ಮುಚ್ಚತಾರ ಅಂದಂಗಾತು. ಹಾಸಿಗ್ಯಾಗ ಮುಚ್ಚಿದ್ರ ಏನ ಹೋಗ್ತಿತ್ತು? ನಾನೂ ಏಳತೇನಿ ನಸುಕಿನ್ಯಾಗ. ನನ್ನ ಬೆನ್ನಿಗೆ ಎಮ್ಮಿನೂ ಏಳತೈತಿ. ಅದರದೂ ಬರಸ್ರಿ ಪೇಪರಿನ್ಯಾಗ.”

ಅಪ್ಪ ಮಜ್ಜಿಗೆ ಕುಡಿದು ಎದ್ದು ಹೋದ.

ಆ ‘ದಿನಚರಿ’ಯನ್ನು ಓದುವಾಗಲೆಲ್ಲ ಇದನ್ನು ಎಲ್ಲೋ ಮೊದಲೇ ಓದಿದ್ದೇನೆ ಎಂದು ನನಗೆ ಅನಿಸುತ್ತಿತ್ತು. ಒಂದು ದಿನ ಕ್ಲಾಸಿನಲ್ಲಿ ಹುಡುಗರ ನಿಬಂಧ ತಿದ್ದುತ್ತಿದ್ದಾಗ ಹೊಳೆಯಿತು. ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ‘ನನ್ನ ದಿನಚರಿ’ ಎಂದು ಬರೆಯಲು ಕೊಟ್ಟರೆ ನಮ್ಮ ಶಾಲೆಯ ಒಬ್ಬೊಬ್ಬ ಹುಡುಗನೂ ಕೋಳಿಗಿಂತ ಮೊದಲು ಏಳುತ್ತಾನೆ, ಹಲ್ಲುಜ್ಜುತ್ತಾನೆ, ತಂದೆತಾಯಿಗೆ ನಮಸ್ಕರಿಸುತ್ತಾನೆ, ಹಾಲು ಕುಡಿದು ಓದಲು ಕೂರುತ್ತಾನೆ. ಮೊಬೈಲು ಹಿಡಿದವನು, ತಂಗಿಯ ಜಡೆ ಎಳೆದವನು ಒಬ್ಬನೂ ಸಿಗುವುದಿಲ್ಲ. ನಾವೂ ಹಾಗೇ ಬರೆದವರು. ಐದನೆಯ ಇಯತ್ತೆಯಲ್ಲಿ ನಾನೂ ಸೂರ್ಯೋದಯಕ್ಕೆ ಮುಂಚೆ ಎದ್ದಿದ್ದೆ. ನನ್ನ ದುರ್ದೈವ, ನಮ್ಮ ಮಾಸ್ತರರು ದಿನಾ ಸೈಕಲ್ಲಿನ ಮೇಲೆ ನಮ್ಮ ಮನೆಯ ಮುಂದಿನಿಂದಲೇ ಶಾಲೆಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೌದಿ ಹೊದ್ದುಕೊಂಡು ಗೊರಕೆ ಹೊಡೆಯುವುದು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. “ಯಾಕಲೇ, ಸೂರ್ಯಾಗ ನಮಸ್ಕಾರ ಕೌದಿ ಒಳಗಿಂದನ ಮಾಡ್ತೀಯೇನು?” ಎಂದು ಕೇಳಿ ಕಿವಿ ಹಿಂಡಿದರು. ಇಡೀ ಕ್ಲಾಸು ನಕ್ಕಿತು. ಆ ಕಿವಿ ಇವತ್ತಿಗೂ ಇನ್ನೊಂದಕ್ಕಿಂತ ತುಸು ಉದ್ದ ಇದೆ ಎಂದು ನನ್ನ ಹೆಂಡತಿಯ ಅಂಬೋಣ.

ಅದೇ ದಿನ ಶಾಭಾಷ್ ಗಿಟ್ಟಿಸಿದವನು ಗುರುಸಿದ್ದ. ಅವನ ನಿಬಂಧದಲ್ಲಿ ಹಕ್ಕಿಗಳು ಕಲರವ ಮಾಡಿದವು, ತಂಗಾಳಿ ಬೀಸಿತು, ಅವನು ತೋಟಕ್ಕೆ ಹೋಗಿ ಗಿಡಗಳಿಗೆ ನೀರುಣಿಸಿದ. ಅವನ ಮನೆ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಇತ್ತು. ತೋಟ ಇರಲಿಲ್ಲ. ನೀರು ಮಾತ್ರ ಇತ್ತು, ಅದನ್ನು ಅವರವ್ವ ದಿನಾ ಬೆಳಿಗ್ಗೆ ಅವನ ಮುಖಕ್ಕೆ ಎರಚುತ್ತಿದ್ದಳು. ಈಗ ಗುರುಸಿದ್ದ ಪತ್ರಿಕೆಯ ವರದಿಗಾರ. ಸಾಹೇಬರ ದಿನಚರಿ ಬರೆಯುತ್ತಿದ್ದವನು ಅವನೇ. ‘ನಾನು’ ಇದ್ದಲ್ಲಿ ‘ಸಾಹೇಬರು’ ಎಂದು ಹಾಕಿದ್ದ. ಹಕ್ಕಿ, ತಂಗಾಳಿ, ಗಿಡಗಳೆಲ್ಲ ಹಾಗೇ ಇದ್ದವು.

ಒಂದು ಸಂಜೆ ಅವನು ಮೋಟರ್ ಸೈಕಲ್ಲಿನಿಂದ ಇಳಿದವನೇ ಸೀದಾ ಅಡುಗೆಮನೆಯ ಬಾಗಿಲಿಗೆ ಬಂದ.

“ಅತ್ತಿ, ನಾಡಿದ್ದ ಸಾಹೇಬ್ರ ನಾಷ್ಟಾ ನಿಮ್ಮ ಮನ್ಯಾಗ!”

“ನಮ್ಮ ಮನ್ಯಾಗ ಯಾಕ? ಅವರಿಗೆ ಬ್ಯಾರೆ ಗತಿ ಇಲ್ಲೇನು?”

“ನಿಮ್ಮ ಕೈ ರೊಟ್ಟಿ ಅಂದ್ರ ಸುತ್ತ ಹತ್ತ ಊರಿಗೆ ಹೆಸರರಿ. ಮತ್ತ ನಿಮ್ಮ ಪಡಸಾಲ್ಯಾಗ ಬೆಳಕ ಚಲೋ ಬೀಳತೈತಿ, ಫೋಟೋಕ್ಕ ಅಡ್ಡಿಯಿಲ್ಲ.”

ಅವ್ವ ಸಾಹೇಬರನ್ನು ಎಷ್ಟೇ ಆಡಿಕೊಳ್ಳಲಿ, ಮನೆಗೆ ಉಣ್ಣಲು ಬರುವವರು ಅಂದಮೇಲೆ ಅವರು ಅವಳಿಗೆ ಸಾಹೇಬರಲ್ಲ, ಹಸಿದವರು. ಮರುದಿನವೇ ಹೊಸ ಜೋಳ ಬೀಸಿಸಿದಳು. ಎಳೆಯ ಬದನೆಕಾಯಿಗೆಂದು ನನ್ನನ್ನು ಬೈಲಹೊಂಗಲದ ಸಂತೆಗೆ ಅಟ್ಟಿದಳು. ನಾನು ತಂದದ್ದನ್ನು ನೋಡಿ, “ಇವು ಬದನಿಕಾಯೋ ನಿನ್ನ ಬೂಟೋ?” ಎಂದು ವಾಪಸು ಅಟ್ಟಿದಳು. ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಡಿಗೆಯ ಮೊಸರು. ಸಾಹೇಬರು ಬರುವ ದಿನ ಬೆಳಗಾಗುವ ಮೊದಲೇ ಹೆಂಡತಿಯೂ ಅವ್ವನೂ ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಾನೂ ಎದ್ದೆ. ನನ್ನ ಐದನೆಯ ಇಯತ್ತೆಯ ನಿಬಂಧ ಆ ಒಂದು ದಿನ ನಿಜವಾಯಿತು.

ಇಲ್ಲಿ ನಮ್ಮ ಮನೆತನದ ಒಂದು ರೀತಿ ಹೇಳಬೇಕು. ನಮ್ಮಲ್ಲಿ ತಾಟಿನಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಬಡಿಸಿದ್ದು ಪ್ರಸಾದ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ನನ್ನ ಅಜ್ಜ ಕುಡಿದಿಟ್ಟ ತಾಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಚಿಕ್ಕಂದಿನಲ್ಲಿ ನಾನು ಬದನೆಕಾಯಿಯ ತೊಟ್ಟನ್ನು ಚಡ್ಡಿಯ ಕಿಸೆಯಲ್ಲಿ ಅಡಗಿಸಿ, ತಾಟು ತೊಳೆದು ಕುಡಿದು, ಸಂಭಾವಿತನಂತೆ ಎದ್ದು ಹೋಗುತ್ತಿದ್ದೆ. ಚಡ್ಡಿಯ ಎಣ್ಣೆಯ ಕಲೆ ಎಲ್ಲವನ್ನೂ ಹೇಳಿ ಬೆನ್ನಿಗೆ ಹೊಡೆಸುತ್ತಿತ್ತು. ಉಣ್ಣುವವರು ಅರ್ಧಕ್ಕೆ ಎದ್ದರೆ ಅದು ಉಣ್ಣುವವರ ತಪ್ಪಲ್ಲ ಎಂಬುದು ಅವ್ವನ ತಿಳಿವಳಿಕೆ. ಮಾಡಿದವಳ ಕೈಯಲ್ಲೇ ಏನೋ ಕುಂದಿದೆ ಎಂದು ಅದರ ಅರ್ಥ.

ಸಾಹೇಬರು ಬಂದರು. ಪಡಸಾಲೆಯ ತುಂಬ ಬೂಟುಗಾಲಿನವರು. ಒಬ್ಬ ಪೊಲೀಸಿನವನು ಎಣ್ಣೆಗಾಯಿಯ ಗಡಿಗೆಗೆ ಮೂಗು ಹಾಕಿ ಪರೀಕ್ಷಿಸಿದ, ಮೂಗು ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ನಿಂತ. ಸಾಹೇಬರು ಚಾಪೆಯ ಮೇಲೆ ಕೂತರು. ಅವ್ವ ತಾಟು ಇಟ್ಟು ಎರಡು ರೊಟ್ಟಿ ಹಾಕಿ, ಪಲ್ಯ, ಹಿಂಡಿ ಎಲ್ಲ ಬಡಿಸಿ, ಮೂರನೆಯದನ್ನು ಬಿಸಿಬಿಸಿ ತರಲು ಒಳಗೆ ಹೋದಳು. ಸಾಹೇಬರು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಯ ತನಕ ಎತ್ತಿದರು. ಕ್ಯಾಮೆರಾಗಳು ಚಕಚಕ ಎಂದವು. “ಸರ್, ಇನ್ನೊಂದು ಸಲ” ಎಂದ ಒಬ್ಬ. ತಾಟಿಗೆ ಇಳಿಸಿ ಮತ್ತೆ ಎತ್ತಿದರು. “ಸರ್, ಈ ಕಡೆ.” ಮತ್ತೆ ಎತ್ತಿದರು. ಅಷ್ಟರಲ್ಲಿ ಸಹಾಯಕ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಆ ತುಂಡನ್ನು ತಾಟಿನಲ್ಲೇ ಇಟ್ಟು, ಕೈ ಮುಗಿದು, ಎದ್ದರು. ಅವರ ನಿಜವಾದ ನಾಷ್ಟಾ ಕಾರಿನಲ್ಲಿ ಒಂದು ಡಬ್ಬಿಯೊಳಗೆ ಇತ್ತಂತೆ, ಡಾಕ್ಟರು ಬರೆದುಕೊಟ್ಟದ್ದು.

ಅವ್ವ ಬಿಸಿ ರೊಟ್ಟಿ ಹಿಡಿದು ಹೊರಬಂದಾಗ ಚಾಪೆ ಖಾಲಿ. “ಸಾಹೇಬ್ರ, ತಾಟು! ಉಂಡ ಹೋಗ್ರಿ!” ಎಂದು ಬಾಗಿಲಿನ ತನಕ ಓಡಿದಳು. ಕಾರು ಓಣಿ ದಾಟಿತ್ತು.

ಆಕೆಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಲೆಯ ಮುಂದೆ ಕೂತು ಎಲ್ಲ ಪಲ್ಯವನ್ನೂ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದಳು. “ಉಪ್ಪ ಹೆಚ್ಚಾಗಿತ್ತೇನ? ಖಾರಾ ಹತ್ತಿತ್ತೇನ?” ಎಂದು ಒಬ್ಬೊಬ್ಬರನ್ನೂ ಕೇಳಿದಳು.

ಇನ್ನು ತಾಟಿನದು ಏನು ಮಾಡುವುದು? ಪ್ರಸಾದ ಚೆಲ್ಲುವಂತಿಲ್ಲ. ಎಂಜಲಾಗಿದ್ದರೆ ಇನ್ನೊಬ್ಬರು ಉಣ್ಣುವಂತಿಲ್ಲ. ಮನೆಯಲ್ಲಿ ದೊಡ್ಡ ಜಿಜ್ಞಾಸೆ ಎದ್ದಿತು.

“ಬಾಯಿಗೆ ಮುಟ್ಟಿಲ್ಲ. ರೊಟ್ಟಿ ಬೇಯೂತನಕ ಬಾಗಲಸಂದಿಂದ ನಾ ಕಣ್ಣಾರೆ ನೋಡೇನಿ” ಎಂದಳು ಅವ್ವ.

“ತುಟಿಗೆ ಮುಟ್ಟಿಲ್ಲ ಖರೆ, ಮೀಸಿಗೆ ಮುಟ್ಟೇತ್ರಿ ಅತ್ತಿ” ಎಂದಳು ನನ್ನ ಹೆಂಡತಿ. “ಮೀಸಿ ಮುಟ್ಟಿದ್ರ ಎಂಜಲ ಆಗತೈತೋ ಇಲ್ಲೋ?”

ಅಪ್ಪ ಇಂಥದ್ದಕ್ಕೆ ಮಠದ ಅಯ್ಯನವರನ್ನೇ ಕೇಳಬೇಕು ಎಂದ. ನನಗೆ ಹಸಿವು. ಮೀಸೆ ಬಾಯಿಯ ಹೊರಗಿನದು, ಆದ್ದರಿಂದ ಎಂಜಲಲ್ಲ ಎಂದು ತೀರ್ಪು ಕೊಟ್ಟು ತಾಟು ಎಳೆದುಕೊಂಡೆ. ಎರಡೂ ರೊಟ್ಟಿ ಉಂಡೆ, ಎಣ್ಣೆಗಾಯಿ ಚಪ್ಪರಿಸಿದೆ, ತಾಟು ತೊಳೆದು ಕುಡಿದೆ. ಏನು ರುಚಿ ಅಂತೀರಿ!

ಮರುದಿನ ಪತ್ರಿಕೆ ಬಂತು. ‘ಸಾಹೇಬರು ಎರಡು ರೊಟ್ಟಿ ಸವಿದರು. ಎಣ್ಣೆಗಾಯಿ ಚಪ್ಪರಿಸಿದರು. ಕೊನೆಗೆ ಸ್ವತಃ ತಾಟು ತೊಳೆದು ಕುಡಿದು, ತಾಯಿ, ನನ್ನ ಹೆತ್ತವ್ವನ ನೆನಪಾಯಿತು ಎಂದು ಕಣ್ಣೊರೆಸಿಕೊಂಡರು.’ ಹಾಗೆ ನೋಡಿದರೆ ಸುದ್ದಿ ಅಷ್ಟೊಂದು ಸುಳ್ಳಲ್ಲ. ಕಣ್ಣೊರೆಸಿಕೊಂಡದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಆಗಿತ್ತು, ಮಾಡಿದವನು ನಾನು. ಗುರುಸಿದ್ದನ ತಪ್ಪಾದರೂ ಏನು ಹೇಳಿ. ನಮ್ಮ ಕಡೆ ಹುಟ್ಟಿ ಬೆಳೆದ ಹುಡುಗ. ಉಂಡರು ಎಂದು ಬರೆದ ಮೇಲೆ ತಾಟು ತೊಳೆದು ಕುಡಿಸದೆ ವಾಕ್ಯ ಮುಗಿಸಲು ಅವನ ಕೈ ಒಪ್ಪಲಿಲ್ಲ.

ಅವ್ವನಿಗೆ ಉರಿ ಹತ್ತಿದ್ದು ಅದೇ ಸಾಲಿಗೆ. “ಮುರದಿಟ್ಟು ಎದ್ದು ಹೋದವರು ತಾಟ ತೊಳದ ಕುಡದಾರಂತ! ಬರಲಿ ಅವ” ಎಂದು ಕಾದಳು. ಗುರುಸಿದ್ದ ಪತ್ರಿಕೆಯ ಪ್ರತಿ ಹಿಡಿದು ಹಲ್ಲು ಕಿರಿಯುತ್ತ ಬಂದ, ಸಿಹಿ ಕೊಡುತ್ತಾರೆಂದು.

“ಯಾಕಲೇ ಸುಳ್ಳ ಬರದಿ?”

“ಅತ್ತಿ, ಉಣ್ಣಲಿಲ್ಲ ಅಂತ ಬರದ್ರ ನಿಮಗ ಅಪಮಾನ ಅಲ್ಲೇನ್ರಿ? ನಿಮ್ಮ ಮಾನಾ ಕಾಯ್ದೇನಿ ನಾ.”

“ನನ್ನ ಮಾನಾ ನಿನ್ನ ಕೈಯಾಗ ಯಾವಾಗ ಕೊಟ್ಟಿದ್ನೋ ಭಾಡ್ಯಾ? ಉಣ್ಣಲಿಲ್ಲ ಅಂತ ನಾಳಿ ಬರಿ.”

“ಹಂಗ ಬರ್ಯಾಕ ಬರೂದಿಲ್ರಿ. ದಿನಚರಿ ಅಂದ್ರ ಏನ ಮಾಡಿದ್ರು ಅಂತ ಇರತೈತಿ. ಏನ ಮಾಡಲಿಲ್ಲ ಅಂತ ಬರ್ಯಾಕ ಹತ್ತಿದ್ರ ಪೇಪರಿನ್ಯಾಗ ಜಾಗಾನ ಸಾಲೂದಿಲ್ಲ.”

ಅವನು ಹೇಳಿದ್ದರಲ್ಲಿ ಸತ್ಯ ಇತ್ತು. ಅವ್ವ ಅವನಿಗೆ ಚಹಾ ಕೊಡಲಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದು ಊರಿಗೆ ಪತ್ರಿಕೆಯಿಂದ ಗೊತ್ತಾಯಿತು. ಅವ್ವನ ಬಾಯಿಂದ ಕೇಳಲು ಯಾರೂ ತಯಾರಿರಲಿಲ್ಲ. “ಪುಣ್ಯಾ ಮಾಡೀಯವಾ” ಎಂದು ಹೆಂಗಸರು ಬಂದರೆ, “ಉಂಡಿಲ್ಲವಾ ಅವರು” ಎನ್ನುತ್ತಿದ್ದಳು. ಮೊದಲು ಅದನ್ನು ನಾಚಿಕೆ ಎಂದುಕೊಂಡರು. ಆಮೇಲೆ ಸೊಕ್ಕು ಎಂದರು. “ದೊಡ್ಡವರ ಉಂಡ ಹ್ವಾದ್ರೂ ಇಲ್ಲಾ ಅಂತಾಳ, ಎಂಥಾ ಮಂದಿ ಇರತಾರ ನೋಡು” ಎಂದು ನೇಸರಗಿಯ ಬಸ್ಸಿನಲ್ಲಿ ಒಬ್ಬಾಕೆ ಹೇಳುವುದನ್ನು ನಾನೇ ಕೇಳಿದೆ. ಐವತ್ತು ವರ್ಷ ಅದೇ ಒಲೆಯ ಮುಂದೆ ಕೂತವಳು ತನ್ನ ಒಲೆಯ ವಿಷಯದಲ್ಲೇ ಸುಳ್ಳುಗಾರ್ತಿ ಆದಳು. ನನಗೆ ಸಿಟ್ಟು ಬಂದದ್ದು ಸಾಹೇಬರ ಮೇಲಲ್ಲ. ಅವರಿಗೆ ನಮ್ಮ ಮನೆ ನೆನಪೂ ಇರಲಿಕ್ಕಿಲ್ಲ. ಸಿಟ್ಟು ಬಂದದ್ದು ಅಪ್ಪನ ಮೇಲೆ.

ಯಾಕೆಂದರೆ ಅಪ್ಪ ನಿಧಾನವಾಗಿ ಜಾರುತ್ತಿದ್ದ. ಮೊದಲು ಅಂಗಡಿಯಲ್ಲಿ, “ಉಂಡ್ರು ಅಂತ ಬಂದೈತಿ” ಎನ್ನುತ್ತಿದ್ದ. ಕೆಲವು ದಿನಗಳಲ್ಲಿ ಅದು “ಉಂಡ್ರು” ಆಯಿತು. ಆಮೇಲೆ “ಮೂರನೇ ರೊಟ್ಟಿ ಕೇಳಿದ್ರು, ನಾನ ಬ್ಯಾಡ್ರಿ ಸಾಹೇಬ್ರ, ಪ್ರವಾಸದಾಗ ಜಡ ಆಗತೈತಿ ಅಂದೆ” ಎಂದು ತಾನೇ ಪತ್ರಿಕೆಗಿಂತ ಒಂದು ಹೆಜ್ಜೆ ಮುಂದೆ ಹೋದ. ಬೇಕಂತಲೇ ಸುಳ್ಳು ಹೇಳುತ್ತಿದ್ದನೆಂದು ನಾನು ಹೇಳಲಾರೆ. ಓದಿ ಓದಿ ಅವನಿಗೆ ಹಾಗೇ ನೆನಪಾಗತೊಡಗಿತ್ತು. ಅವ್ವ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು. ಅವ್ವ ಸುಮ್ಮನಿದ್ದರೆ ನಮ್ಮ ಮನೆಯ ಬೆಕ್ಕೂ ಹಿತ್ತಲಿನಿಂದಲೇ ಓಡಾಡುತ್ತದೆ.

ರಾಮದುರ್ಗದಿಂದ ಕಾಕಾ ಬಂದ, ಅಪ್ಪನ ಚಿಕ್ಕಪ್ಪನ ಮಗ, ಹೆಂಡತಿಯನ್ನು ಕರೆದುಕೊಂಡು. ಮಧ್ಯಾಹ್ನ ಎಲ್ಲ ಊಟಕ್ಕೆ ಕೂತೆವು. ಅಪ್ಪನಿಗೆ ಹೊಸ ಕಿವಿಗಳು ಸಿಕ್ಕವು. ಶುರು ಹಚ್ಚಿಕೊಂಡ. ಇದೇ ಚಾಪೆ, ಇದೇ ಜಾಗ, ಹಿಂಗ ಕುಂತ್ರು, ಹಿಂಗ ಮುರದ್ರು, ಹಿಂಗ ಚಪ್ಪರಿಸಿದ್ರು. ಕಾಕಾ ಬಾಯಿ ತೆರೆದು ಕೇಳಿದ.

“ಖರೇನ ತಾಟ ತೊಳದ ಕುಡದ್ರೇನೋ ಅಣ್ಣಾ?”

“ಬೇಕಾದ್ರ ಈಕಿನ್ನ ಕೇಳು. ಈಕೀನ ಬಡಿಸ್ಯಾಳ” ಎಂದ ಅಪ್ಪ.

ಅವ್ವ ರೊಟ್ಟಿಯ ಬುಟ್ಟಿ ತಂದಳು. ಕಾಕಾನ ತಾಟಿಗೆ ರೊಟ್ಟಿ ಹಾಕಿದಳು, ಕಾಕಿಗೆ ಹಾಕಿದಳು, ನನಗೆ ಹಾಕಿದಳು. ಅಪ್ಪನಿಗೂ ಹಾಕಿ ಎದುರಿಗೇ ನಿಂತಳು. ಅಪ್ಪ ಮುರಿದ. ಪಲ್ಯಕ್ಕೆ ಅದ್ದಿದ. ಬಾಯಿಯ ತನಕ ಎತ್ತಿದ. ಅಷ್ಟರಲ್ಲಿ ಅವ್ವ ಬಗ್ಗಿ ಅವನ ಕೈಯಿಂದ ಆ ತುಂಡನ್ನು ತೆಗೆದು ತಾಟಿನಲ್ಲಿಟ್ಟು ತಾಟನ್ನೇ ಎತ್ತಿಕೊಂಡಳು.

“ಆತು, ಏಳ್ರಿ. ಉಂಡ್ರಿ.”

ಅಪ್ಪನ ಕೈ ಗಾಳಿಯಲ್ಲೇ ಉಳಿಯಿತು. “ಏ, ಬಾಯಿಗೆ ಹೋಗಿಲ್ಲಲ್ಲ ಇನ್ನೂ!”

“ಬಾಯಿಗೆ ಹೋಗಬೇಕಂತ ಎಲ್ಲೈತಿ? ಮುರದ್ರಿ, ಎತ್ತಿದ್ರಿ, ಎಲ್ಲಾರೂ ನೋಡಿದ್ರು. ಎರಡ ರೊಟ್ಟಿ ಉಂಡ್ರಿ, ತಾಟ ತೊಳದ ಕುಡದ್ರಿ. ಗುರುಸಿದ್ದಗ ಹೇಳಿ ಪೇಪರಿನ್ಯಾಗ ಹಾಕಸ್ತೇನಿ. ಅದನ್ನ ಓದ್ರಿ, ಹೊಟ್ಟಿ ತುಂಬತೈತಿ.”

ಕಾಕಾ ನಕ್ಕ. ಬೇರೆ ಯಾರೂ ನಗಲಿಲ್ಲ. ಅವ್ವನ ಕಣ್ಣಲ್ಲಿ ನೀರು ತುಂಬಿತ್ತು.

“ಊರ ಮಂದಿ ನನ್ನ ಮಾತು ನಂಬದಿದ್ರ ಬಿಡ್ಲಿ. ನೀವು ಇಲ್ಲೇ ಇದ್ರಿ. ನಾ ಬಿಸಿ ರೊಟ್ಟಿ ಹಿಡಕೊಂಡು ಬಾಗಲಕ್ಕ ಓಡಿದ್ದು ನೀವು ನೋಡೀರಿ. ನಿಮಗೂ ನಾ ಸುಳ್ಳಾದ್ನೇನ್ರಿ?”

ಅಪ್ಪ ಅವಳ ಮುಖ ನೋಡಿದ. ಅವನಿಗೆ ಆಗ ನಿಜವಾಗಿ ನೆನಪು ಬಂತೆಂದು ಕಾಣುತ್ತದೆ, ಯಾಕೆಂದರೆ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿ ತಲೆ ತಗ್ಗಿಸಿದ.

“ಉಣ್ಣಲಿಲ್ಲಪಾ” ಎಂದ ಕಾಕಾನಿಗೆ. “ಮುರದಿಟ್ಟು ಹ್ವಾದ್ರು. ಈಕಿ ಬಾಗಲ ತನಕ ಕೂಗಿಕೊಂತ ಹೋದ್ಲು. ತಿರುಗಿ ಸುದ್ದಾ ನೋಡಲಿಲ್ಲ.”

ಅವ್ವ ತಾಟನ್ನು ತಂದು ಅವನ ಮುಂದೆ ಇಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಕಾನಿಗೆ ಮಾತ್ರ ಸಮಾಧಾನವಿಲ್ಲ. ಅವನೂ ದಿನಾ ಪತ್ರಿಕೆ ಓದುವವನೇ.

“ಹಂಗಾದ್ರ ಪೇಪರಿನ್ಯಾಗ ಬಂದದ್ದು ಸುಳ್ಳೇನೋ ಅಣ್ಣಾ?”

ಅಪ್ಪ ಜೀವಮಾನದಲ್ಲಿ ಈ ಪ್ರಶ್ನೆಗೆ ಹೌದು ಎಂದವನಲ್ಲ. ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡ, ಅಗಿದ, ನುಂಗಿದ. ಆಮೇಲೆ ಹೇಳಿದ:

“ನನಗ ದಿನಾ ಎರಡ ಹೊತ್ತು ಬಡಿಸಾಕಿ ಈಕಿ, ಪೇಪರಲ್ಲ. ನೀ ಉಣ್ಣು ಮೊದಲ.”